ಕಲ್ಪೆಟ್ಟದ ತನಕ ನಿದ್ದೆ

ಹೇಮಾಳ ಬಗ್ಗೆ ವಿಚಾರಿಸುವವರೆಲ್ಲ ಅವಳು ಹೇಗೆ ಸತ್ತಳೆಂದೇ ಕೇಳುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಹೇಗೆ ಬದುಕಿದ್ದಳೆಂದು ಒಬ್ಬರಾದರೂ ಕೇಳಬೇಡವೇ? ನಾನು ಪುಟ್ಟಗೌರಮ್ಮ, ಗಡಿಯೂರು ಬಾವಲಿಯಲ್ಲಿ ಬಸ್ಸು ನಿಲ್ಲುವಲ್ಲಿ ಟೀ ಅಂಗಡಿ ಇಟ್ಟುಕೊಂಡವಳು. ವರ್ಷಾನುಗಟ್ಟಲೆ ಬೆಳಗಿನ ಮೊದಲ ಬಸ್ಸಿಗೆ ಮುಂಚೆ ಅವಳಿಗೆ ಟೀ ಕೊಟ್ಟವಳು. ನಾನು ಕಂಡಷ್ಟನ್ನು, ಆಮೇಲೆ ಬಸ್ಸಿನವರ ಬಾಯಿಂದ ಕೇಳಿದ್ದನ್ನು ಹೇಳುತ್ತೇನೆ.

ಅವಳು ಕಲ್ಪೆಟ್ಟದ ಒಂದು ದೊಡ್ಡ ಬಟ್ಟೆ ಅಂಗಡಿಯಲ್ಲಿ ಸೀರೆ ತೋರಿಸುವ ಕೆಲಸಕ್ಕಿದ್ದಳು. ಬಾವಲಿಯಿಂದ ಕಾಡು ದಾಟಿ ಕಾಟ್ಟಿಕುಳಂ, ಅಲ್ಲಿಂದ ಮಾನಂತವಾಡಿ, ಪನಮರಂ, ಆಮೇಲೆ ಕಲ್ಪೆಟ್ಟ. ಹೋಗುವುದಕ್ಕೆ ಎರಡು ಗಂಟೆಯ ಮೇಲೆ, ಬರುವುದಕ್ಕೆ ಇನ್ನೂ ಜಾಸ್ತಿ. ಎರಡನೆಯ ಬಸ್ಸು ಹಿಡಿದರೆ ಅಂಗಡಿಯ ಬಾಗಿಲು ತೆರೆದು ಎಷ್ಟೋ ಹೊತ್ತಾಗಿರುತ್ತಿತ್ತು, ಆದ್ದರಿಂದ ಕತ್ತಲಲ್ಲೇ ಹೊರಡಬೇಕು. ಗಂಡ ಶಾಂತರಾಜು ಗಡಿಯಾಚೆ ಶುಂಠಿ ಹೊಲಗಳಲ್ಲಿ ಕೆಲಸ ಮಾಡಿಕೊಂಡು ಅಲ್ಲಿನ ಶೆಡ್ಡಿನಲ್ಲೇ ಉಳಿಯುತ್ತಿದ್ದ. ಮಗಳು ಗೀತಾಂಜಲಿಯನ್ನು ಅತ್ತೆ ನೋಡಿಕೊಳ್ಳುತ್ತಿದ್ದಳು. ಹೇಮಾ ಹೊರಡುವಾಗಲೂ ಮಗು ಮಲಗಿರುತ್ತಿತ್ತು, ಬರುವಾಗಲೂ ಮಲಗಿರುತ್ತಿತ್ತು.

ಭಾನುವಾರವಾದರೂ ಮಗುವಿಗೆ ತಾಯಿ ಸಿಗುತ್ತಿದ್ದಳೇ ಅಂದರೆ, ಅದೂ ಇಲ್ಲ. ಅವತ್ತು ಹೇಮಾ ಸತ್ತವಳ ಹಾಗೆ ಮಲಗುತ್ತಿದ್ದಳು. ಅಯ್ಯೋ, ನನ್ನ ಬಾಯಿಗಿಷ್ಟು! ಇರಲಿ, ನಿಜ ಅದೇ. ಅತ್ತೆ ಮಗುವಿಗೆ ತುಟಿಯ ಮೇಲೆ ಬೆರಳಿಡುವುದನ್ನು ಕಲಿಸಿದ್ದಳು. ಯಾರಾದರೂ ಮನೆಗೆ ಬಂದರೆ ಆ ಪುಟ್ಟ ಹುಡುಗಿ ಹೊಸಿಲಲ್ಲೇ ತಡೆದು, "ಅಮ್ಮ ಮಲಗವ್ಳೆ, ಎಬ್ಬಿಸ್ಬೇಡಿ" ಎನ್ನುತ್ತಿತ್ತು.

ಅಂಗಡಿಯಲ್ಲಿ ಕೂರುವಂತಿರಲಿಲ್ಲ. ಗಿರಾಕಿ ಇರಲಿ, ಬಿಡಲಿ, ನಿಂತೇ ಇರಬೇಕು.

"ಕೂರೋಕೆ ಬಿಡ್ಬೇಕು ಅಂತ ಕಾನೂನೇ ಬಂದೈತಂತಲ್ಲೇ?" ಎಂದು ಒಮ್ಮೆ ಕೇಳಿದ್ದೆ.

"ಬಂದೈತೆ ಅಕ್ಕಾ. ಸ್ಟೂಲೂ ತಂದಿಟ್ಟವ್ರೆ. ಅದ್ರ ಮೇಲೆ ಸೀರೆ ಬಂಡಲ್ ಕೂತ್ಕೊಂಡೈತೆ," ಎಂದು ನಕ್ಕಳು.

ಹಾಗಾಗಿ ಅವಳು ದಿನದಲ್ಲಿ ಕೂರುತ್ತಿದ್ದುದು ಬಸ್ಸಿನಲ್ಲಿ ಮಾತ್ರ. ಕೂತೊಡನೆ ನಿದ್ದೆ. ಅವಳೊಬ್ಬಳೇ ಅಲ್ಲ, ಆ ಬಸ್ಸಿನಲ್ಲಿ ಹೋಗುವ ಹೆಂಗಸರೆಲ್ಲ ಹಾಗೇ. ಬಾವಲಿಯವರ ನಿದ್ದೆ ಮುರಿಯಬಾರದು ಎಂಬುದು ಅಲ್ಲಿನ ಕಟ್ಟುಪಾಡು. ಕಂಡಕ್ಟರ್ ಮಾಧವನ್ ಒಳಗಿನ ದೀಪ ಆರಿಸುತ್ತಿದ್ದ. ಟಿಕೆಟ್ಟಿಗೆಂದು ಯಾರನ್ನೂ ಅಲುಗಾಡಿಸುತ್ತಿರಲಿಲ್ಲ, ಇಳಿಯುವಾಗ ದುಡ್ಡು ಇಸಿದುಕೊಳ್ಳುತ್ತಿದ್ದ. ಎಚ್ಚರವಿದ್ದವರು ಪಕ್ಕದವರನ್ನು ಅವರವರ ಸ್ಟಾಪು ಬಂದಾಗಷ್ಟೇ ತಟ್ಟಿ ಎಬ್ಬಿಸುತ್ತಿದ್ದರು. ಯಾರದಾದರೂ ಮೊಬೈಲಿನಲ್ಲಿ ಮನೆಯಲ್ಲೇ ನಿಲ್ಲಿಸಲು ಮರೆತ ಅಲಾರಂ ಬಡಿದುಕೊಂಡರೆ, ಪಕ್ಕದವಳು ಬ್ಯಾಗಿಗೆ ಕೈ ಹಾಕಿ ಅದನ್ನು ಆರಿಸುತ್ತಿದ್ದಳು. ಇನ್ನೊಬ್ಬಳ ಬ್ಯಾಗಿಗೆ ಕೈ ಹಾಕಿದರೆ ಬೇರೆ ಕಡೆ ಜಗಳವಾಗುತ್ತದೆ. ಆ ಬಸ್ಸಿನಲ್ಲಿ ಅದು ಉಪಕಾರ.

ಹೋದ ಮಳೆಗಾಲದಲ್ಲಿ ಹೇಮಾಳ ಎಡಗಾಲು ಊದಿತು. ಎರಡೂ ಕಾಲು ಊದುವುದು ಆ ಕೆಲಸದಲ್ಲಿ ಮಾಮೂಲು, ಆದರೆ ಇದು ಒಂದೇ ಕಾಲು. ಮುಟ್ಟಿದರೆ ಬಿಸಿ, ಮೀನಖಂಡ ಕಲ್ಲಿನಂತೆ ಗಟ್ಟಿ. ನಾನು ಬೈದೆ.

"ಡಾಕ್ಟ್ರಿಗೆ ತೋರ್ಸೇ ಮೂದೇವಿ!"

"ಯಾವಾಗ ತೋರ್ಸ್ಲಿ ಅಕ್ಕಾ? ಡಾಕ್ಟ್ರು ಇರೋ ಹೊತ್ನಲ್ಲಿ ನಾನು ಅಂಗ್ಡೀಲಿ ನಿಂತಿರ್ತೀನಿ. ನನಗೆ ಬಿಡುವಾಗೋ ಹೊತ್ಗೆ ಅವ್ರು ಮಲಗಿರ್ತಾರೆ."

ತಮಾಷೆ ಮಾಡಿದಳೆಂದುಕೊಂಡೆ. ಯೋಚಿಸಿದರೆ ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಮೊದಲ ಬಸ್ಸಿಗೂ ಕೊನೆಯ ಬಸ್ಸಿಗೂ ನಡುವೆ ಅವಳ ಹಗಲೆಲ್ಲ ಆ ಅಂಗಡಿಯದೇ ಆಗಿತ್ತು. ಕಾಲಿನ ರಕ್ತನಾಳ ನೋಡುವ ಡಾಕ್ಟರು ಮಾನಂತವಾಡಿಗೆ ಬರುತ್ತಿದ್ದುದು ಮಂಗಳವಾರ ಬೆಳಿಗ್ಗೆ ಮಾತ್ರ. ಓಣಂ ವ್ಯಾಪಾರದ ಹೊತ್ತಾದ್ದರಿಂದ ಅಂಗಡಿಯಲ್ಲಿ ರಜೆ ಎಂದರೆ ಸಿಡುಕುತ್ತಿದ್ದರು. ವಾರಗಟ್ಟಲೆ ಗೋಗರೆದ ಮೇಲೆ ಒಂದು ಮಂಗಳವಾರಕ್ಕೆ ಅರ್ಧ ದಿನ ಬಿಟ್ಟರು.

ಆ ಬೆಳಿಗ್ಗೆ ಕುಂಟುತ್ತ ಬಂದಳು. ಮುಖ ಮಾತ್ರ ಗೆಲುವಾಗಿತ್ತು.

"ಇವತ್ತು ಮಾನಂತವಾಡೀಲಿ ಇಳೀತೀನಿ ಅಕ್ಕಾ. ಸಾಯಂಕಾಲದ ಹೊತ್ಗೆ ಕಾಲಿಗೆ ಏನಾಗೈತೆ ಅಂತ ಗೊತ್ತಾಗ್ತದೆ."

"ನಿದ್ದೆ ಬಂದ್ಬಿಟ್ರೆ?"

"ಅಲಾರಂ ಇಟ್ಕೊಂಡಿವ್ನಿ ಬಿಡಿ."

ಬಸ್ಸು ಬಂತು. ಅವಳ ಪಕ್ಕ ಕೂತವಳು ನೀತು. ನಮ್ಮ ಬಾವಲಿಯ ಮಲಯಾಳಿ ಹುಡುಗಿ, ಕಲ್ಪೆಟ್ಟದಲ್ಲಿ ಚಪ್ಪಲಿ ಅಂಗಡಿಯ ಕೆಲಸ. ಚೇಚಿ, ಅಂದರೆ ಅಕ್ಕ, ಎಂದು ಕರೆಯುವ ಹೇಮಾ ಎಂದರೆ ಅವಳಿಗೆ ಪ್ರಾಣ. ಮಾತಾಡುವ ಮೊದಲೇ ಹೇಮಾಳಿಗೆ ಕಣ್ಣು ಎಳೆದಿತ್ತಂತೆ.

ಮಾನಂತವಾಡಿಯ ಸ್ಟ್ಯಾಂಡಿಗೆ ಇನ್ನೂ ಸ್ವಲ್ಪ ದೂರವಿರುವಾಗ ಹೇಮಾಳ ಬ್ಯಾಗಿನೊಳಗೆ ಅಲಾರಂ ಬಡಿದುಕೊಂಡಿತು. ನೀತು ಎಂದಿನಂತೆ ಕೈ ಹಾಕಿ ಆರಿಸಿದಳು. ಐದು ನಿಮಿಷ ಬಿಟ್ಟು ಮತ್ತೆ ಬಡಿಯಿತು. ಈ ಸಲ ಮೊಬೈಲನ್ನೇ ಆಫ್ ಮಾಡಿ, "ಪಾವಂ, ಪಾಪ, ರಾತ್ರಿಯೆಲ್ಲ ಕಾಲುನೋವಿಗೆ ನಿದ್ದೆ ಮಾಡಿರಲ್ಲ ಚೇಚಿ," ಎಂದು ತನ್ನ ಶಾಲನ್ನು ಅವಳಿಗೆ ಹೊದಿಸಿದಳು. ಸ್ಟ್ಯಾಂಡಿನಲ್ಲಿ ಹತ್ತಿದವನೊಬ್ಬ ಜೋರಾಗಿ ಮಾತಾಡಿದ್ದಕ್ಕೆ ಮಾಧವನ್ ಅವನನ್ನು ಗದರಿದನಂತೆ, ಹೆಂಗಸರು ಮಲಗಿದ್ದಾರೆ ಎಂದು. ಬಸ್ಸು ಹೊರಟಿತು. ಆಸ್ಪತ್ರೆ ಹಿಂದೆ ಉಳಿಯಿತು.

ಕಲ್ಪೆಟ್ಟದಲ್ಲಿ ನೀತು ಭುಜ ತಟ್ಟಿ ಎಬ್ಬಿಸಿದಳು. ಹೇಮಾ ಕಿಟಕಿಯಾಚೆ ನೋಡಿದಳು. ಮೊಬೈಲು ನೋಡಿದಳು. ಮಾನಂತವಾಡಿಯಲ್ಲಿ ಯಾಕೆ ಇಳಿಯಬೇಕಿತ್ತೆಂದು ಹೇಳಿದಾಗ ನೀತು ಬಸ್ಸಿನಲ್ಲೇ ಅಳಲು ಶುರು ಮಾಡಿದಳಂತೆ. ವಾಪಸು ಹೋದರೆ ಸಾಲು ನಿಂತು ಚೀಟಿ ಸಿಗುವಷ್ಟರಲ್ಲಿ ಡಾಕ್ಟರು ಎದ್ದು ಹೋಗಿರುತ್ತಾರೆ. ಹಾಗೆಂದು ಹೇಮಾ ರಜೆ ಬಿಟ್ಟು ನೇರ ಅಂಗಡಿಗೇ ಹೋದಳು.

ಮಾರನೆಯ ಬೆಳಿಗ್ಗೆ ಹೇಮಾಳೇ ನನಗೆ ಹೀಗಾಯಿತೆಂದು ಹೇಳಿದಳು.

"ಬೈಬೇಡಿ ಅಕ್ಕಾ ಆ ಹುಡುಗೀನ. ಒಳ್ಳೇ ನಿದ್ದೆ ಬಂತು. ಅರ್ಧ ದಿನ ರಜ ಹಂಗೇ ಉಳೀತಲ್ಲ, ಮುಂದಿನ ಮಂಗಳವಾರಕ್ಕಾಯ್ತು."

"ಹಾಳಾಗೋಗ್ಲಿ ನಿನ್ ಕೆಲ್ಸ! ಇವತ್ತೇ ಇಳಿದು ಯಾವ್ದಾದ್ರೂ ಡಾಕ್ಟ್ರಿಗೆ ತೋರ್ಸು!"

"ಇವತ್ತು ಬಿಡೋರ್ ಯಾರು?" ಎಂದು ಲೋಟ ಕೆಳಗಿಟ್ಟು ಬಸ್ಸು ಹತ್ತಿದಳು. ಹತ್ತುವಾಗ ಕಾಲನ್ನು ಎರಡೂ ಕೈಯಿಂದ ಎತ್ತಿ ಮೆಟ್ಟಿಲ ಮೇಲಿಟ್ಟಳು.

ಮುಂದಿನ ಮಂಗಳವಾರ ಅವಳಿಗೆ ಬರಲಿಲ್ಲ. ಶನಿವಾರ ಮಧ್ಯಾಹ್ನ, ಮದುವೆ ಸೀರೆಗೆ ಬಂದ ಯಾರದೋ ಮುಂದೆ ಸೆರಗು ಬಿಡಿಸಿ ತೋರಿಸುತ್ತಿದ್ದವಳು, ಉಸಿರು ಸಿಗುತ್ತಿಲ್ಲ ಎಂದು ಎದೆ ಹಿಡಿದುಕೊಂಡು ಬಿದ್ದಳು. ಕಾಲಿನಲ್ಲಿ ಹೆಪ್ಪುಗಟ್ಟಿದ್ದ ರಕ್ತ ಎದೆಗೆ ಹೋಗಿ ಸಿಕ್ಕಿಕೊಂಡಿತಂತೆ. ಅಲ್ಲೇ ಹತ್ತಿರದ ಆಸ್ಪತ್ರೆಗೆ ಒಯ್ದರು. ಅದೊಂದು ಸಲ ಅವಳು ಡಾಕ್ಟರು ಇರುವ ಹೊತ್ತಿಗೇ ತಲುಪಿದ್ದಳು. ಆದರೆ ಅವರು ಮಾಡುವುದೇನೂ ಉಳಿದಿರಲಿಲ್ಲ.

ಭಾನುವಾರ ಆಂಬುಲೆನ್ಸ್ ಅವಳನ್ನು ಅದೇ ರಸ್ತೆಯಲ್ಲಿ ಊರಿಗೆ ತಂದಿತು. ಎಲ್ಲೂ ನಿಲ್ಲದೆ ಬಂತು, ಎಷ್ಟು ಬೇಗ ಬಂತು! ಬದುಕಿದ್ದಾಗ ಒಂದು ದಿನವಾದರೂ ಅಷ್ಟು ಬೇಗ ಮನೆ ಸೇರಿದ್ದರೆ ಮಗುವಿಗೆ ಒಂದು ಕೈತುತ್ತು ಕೊಡುತ್ತಿದ್ದಳು. ಶುಂಠಿ ಹೊಲದಿಂದ ಬಂದ ಶಾಂತರಾಜು ಗೋಡೆಗೊರಗಿ ಕೂತಿದ್ದ. ಅವನ ಕಾಲಿನ ಕೆಸರು ಇನ್ನೂ ಒಣಗಿರಲಿಲ್ಲ. ಹೇಮಾಳನ್ನು ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು.

ನೀತು ಬಂದಳು. ಅಳು ತಡೆಯಲಾಗದೆ ಜನರನ್ನು ನೂಕಿಕೊಂಡು ಹೊಸಿಲ ತನಕ ಬಂದಳು. ಅಲ್ಲಿ ಗೀತಾಂಜಲಿ ನಿಂತಿತ್ತು. ಇಷ್ಟು ಜನ ಯಾಕೆ ಬಂದಿದ್ದಾರೆಂದು ಮಗುವಿಗೆ ಗೊತ್ತಿರಲಿಲ್ಲ. ಭಾನುವಾರ, ಅಮ್ಮ ಮಲಗಿದ್ದಾಳೆ, ಅಷ್ಟೇ ಗೊತ್ತು. ನೀತುವನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟಿತು.

"ಅಳ್ಬೇಡಿ ಚೇಚಿ. ಅಮ್ಮಂಗೆ ಎಚ್ಚರ ಆಯ್ತದೆ."

ನೀತು ಹೊಸಿಲಲ್ಲೇ ಕುಸಿದು ಕೂತಳು. ಬಾಯಿಗೆ ಶಾಲು ತುರುಕಿಕೊಂಡಳು. ಅಷ್ಟು ಜನ ಇದ್ದೆವು, ಬಾಯಿಬಡುಕಿ ನಾನೂ ಇದ್ದೆ. ಅಮ್ಮ ಇನ್ನು ಏಳುವುದಿಲ್ಲ ಎಂದು ಆ ಮಗುವಿಗೆ ಹೇಳಲು ಒಬ್ಬರಿಗೂ ನಾಲಿಗೆ ಬರಲಿಲ್ಲ.