ಕೌದಿ ಹಿಂಡಿದ ದಿನ

ನವರಾತ್ರಿಯ ಘಟ ಕೂರಿಸುವ ಮುನ್ನ ನಮ್ಮ ಹೊಳೆದಂಡೆಯ ಓಣಿಯವರು ಹಾಸಿಗೆ, ಹೊದಿಕೆಗಳನ್ನೆಲ್ಲ ಕೃಷ್ಣೆಗೆ ಒಯ್ದು ತೊಳೆಯುತ್ತೇವೆ. ಆ ವರ್ಷ ಮಹಾಪೂರ ಇಳಿದು ತಿಂಗಳಾಗಿತ್ತಷ್ಟೇ. ಮನೆಯೊಳಗಿನ ರಾಡಿ ಬಳಿದು ಹೊರಹಾಕಿ, ಗೋಡೆ ತೊಳೆದು ನನ್ನ ಸೊಂಟ ಬಿದ್ದುಹೋಗಿತ್ತು. ಹಬ್ಬವೇ ಬೇಡ ಎನ್ನಿಸಿದರೂ, ಓಣಿಯೆಲ್ಲ ಹೊರಟಿದ್ದರಿಂದ ನಾನೂ ನಾಲ್ಕು ಕೌದಿ ಹೊತ್ತು ಹೋದೆ.

ಹಳೆಯ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಕೌದಿ ನೀರು ಕುಡಿದರೆ ಒಬ್ಬರ ಕೈಗೆ ಬಗ್ಗುವುದಿಲ್ಲ. ಹಿಂಡಲು ಇಬ್ಬರು ಬೇಕು. ನಾನು ಒಂದು ತುದಿ ಹಿಡಿದುಕೊಂಡು ಘಾಟಿನ ಮೆಟ್ಟಿಲ ಮೇಲೆ ಸುಮ್ಮನೆ ಕುಳಿತುಬಿಟ್ಟೆ.

ಇನ್ನೊಂದು ತುದಿಯನ್ನು ಯಾರೋ ಎತ್ತಿದರು. ನೋಡಿದರೆ ಪಕ್ಕದ ಮನೆಯ ಹಿರಿಯಾಕೆ, ನಾನು ಚಿಕ್ಕಮ್ಮನಂತೆ ಮಾವಶಿ ಎಂದು ಕರೆಯುವವರು. ಮಹಾಪೂರ ಬಂದಾಗ ಓಣಿಯವರೆಲ್ಲ ಮನೆ ಬಿಟ್ಟು ಶಾಲೆಯಲ್ಲಿ ಆಶ್ರಯ ಪಡೆದಿದ್ದೆವು. ಅಲ್ಲಿ ಕಿಟಕಿಯ ಹತ್ತಿರದ ಜಾಗಕ್ಕಾಗಿ ನಾವಿಬ್ಬರೂ ಎಲ್ಲರೆದುರು ಕೂಗಾಡಿದ್ದೆವು. ಅಂದಿನಿಂದ ಮಾತಿರಲಿಲ್ಲ.

“ಏಳವಾ, ಬಲಕ್ಕ ತಿರುವು,” ಎಂದರು.

“ಕೈಯಾಗ ಶಕ್ತಿನ ಇಲ್ರಿ, ಮಾವಶಿ.”

“ನನಗರ ಎಲ್ಲೈತಿ? ಇಬ್ಬರದೂ ಕೂಡಿದ್ರ ಒಬ್ಬಾಕಿದಾದ್ರೂ ಆಗತೈತಿ. ಹಿಡಿ.”

ನಾನು ಬಲಕ್ಕೆ ತಿರುವಿದೆ, ಅವರು ಎಡಕ್ಕೆ. ಕೆಸರು ಬಣ್ಣದ ನೀರು ಧಾರೆಯಾಗಿ ಸುರಿಯಿತು. ನಾಲ್ಕೂ ಮುಗಿಯುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಶಾಲೆಯಲ್ಲಿ ಆಡಿದ ಮಾತಿಗೆ ತಪ್ಪಾಯಿತು ಎನ್ನಬೇಕೆಂದುಕೊಂಡೆ, ಆದರೆ ಬಾಯಿ ತೆರೆಯಲೂ ಆಯಾಸ. ಅಷ್ಟರಲ್ಲಿ ಮಾವಶಿ ತಮ್ಮ ಗಂಟು ಬಿಚ್ಚಿದರು. ಅದರಲ್ಲಿ ಏಳು ಕೌದಿಗಳಿದ್ದವು. ನಾನೇ ಮೊದಲನೆಯದನ್ನು ತೆಗೆದು ನೀರಿಗೆ ಇಳಿಸಿದೆ.