ಬೀಗ ಬಿದ್ದ ಗಾಲಿಕುರ್ಚಿ

ವಿಮೆ ಆಫೀಸಿನಲ್ಲಿ ನನ್ನ ಎದುರು ಮೇಜಿನವಳನ್ನು ನಾವೆಲ್ಲ ‘ಸ್ಕ್ರೂಡ್ರೈವರ್’ ಎನ್ನುತ್ತಿದ್ದೆವು. ಕಂಪ್ಯೂಟರ್ ಪ್ರೋಗ್ರಾಂ ಬರೆಯುವುದು ಅವಳ ಕೆಲಸ. ಮುಚ್ಚಿದ್ದನ್ನು ಬಿಚ್ಚಿ ನೋಡುವುದು ಚಟ. ಹೊಸ ಗೋಡೆ ಗಡಿಯಾರ ಬಂದರೂ ಅದರ ಹೊಟ್ಟೆಯೊಳಗೆ ಇಣುಕದಿದ್ದರೆ ಉಂಡದ್ದು ಅರಗುತ್ತಿರಲಿಲ್ಲ. ಅಂಥವಳನ್ನು ಪತ್ರಿಕೆಗಳು ‘ಕಂಪ್ಯೂಟರ್ ಕಳ್ಳಿ’ ಎಂದವು. ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಅವಳ ತಂಗಿಗೆ ಸೊಂಟದ ಕೆಳಗೆ ಸ್ವಾಧೀನವಿಲ್ಲ. ಮೋಟಾರು ಗಾಲಿಕುರ್ಚಿಯೇ ಕಾಲು. ಅದರ ಬ್ಯಾಟರಿ ಸತ್ತಾಗ ಅಕ್ಕ ಹೊಸದನ್ನು ತಂದು ಹಾಕಿದಳು. ಕುರ್ಚಿ ಕದಲಲಿಲ್ಲ. ಹೊರಗಿನವರು ಮುಟ್ಟಿದರೆ ಬೀಗ ಬೀಳುವಂತೆ ಕಂಪನಿ ಅದರೊಳಗೆ ಪ್ರೋಗ್ರಾಂ ಕೂರಿಸಿತ್ತು. ತೆಗೆಯಲು ಅವರ ಮೆಕ್ಯಾನಿಕ್ಕೇ ಬರಬೇಕು. ಫೋನ್ ಮಾಡಿದಾಗಲೆಲ್ಲ ನಾಳೆ ಬರುತ್ತಾನೆ ಎಂಬ ಉತ್ತರ. ಆ ನಾಳೆ ಬರಲೇ ಇಲ್ಲ. ಬಚ್ಚಲಿಗೆ ಹೋಗಬೇಕೆಂದರೂ ತಂಗಿ ಅಕ್ಕನ ದಾರಿ ಕಾಯಬೇಕಾಯಿತು. ಒಂದು ಸಂಜೆ ಅಕ್ಕ ಬಂದಾಗ ಹಾಸಿಗೆ ಒದ್ದೆಯಾಗಿತ್ತು. ತಂಗಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು.

ಅಕ್ಕ ಹಾಸಿಗೆ ಬದಲಿಸಿದಳು. ಆಮೇಲೆ ಕುರ್ಚಿಯ ಕೈಹಿಡಿಕೆ ಬಿಚ್ಚಿ, ತಂತಿ ಎಳೆದು ಲ್ಯಾಪ್‌ಟಾಪಿಗೆ ಜೋಡಿಸಿದಳು. ಕೊನೆಗೊಂದು ಭಾನುವಾರ ಬೀಗ ಬಿಟ್ಟುಕೊಂಡಿತು; ಮೋಟಾರು ಗುಂಯ್ ಎಂದಾಗ ಕುಣಿದೇ ಬಿಟ್ಟಳಂತೆ. ಸಿಟ್ಟಿನಿಂದ ಕೂತಿದ್ದು ನಿಜ, ಆದರೆ ನಡುವೆ ಸಿಟ್ಟೇ ಮರೆತು, ಗಂಟು ಬಿಡಿಸುವ ಖುಷಿಯೊಂದೇ ಉಳಿದಿತ್ತು ಎಂದು ನನ್ನ ಬಳಿ ಒಪ್ಪಿಕೊಂಡಳು. ಮುಚ್ಚಿಡುವ ಜಾಯಮಾನ ಅವಳದಲ್ಲ.

ಅಲ್ಲಿಗೆ ಸುಮ್ಮನಿರಬಹುದಿತ್ತು. ಬೀಗ ತೆಗೆಯುವ ಬಗೆಯನ್ನು ತನ್ನ ಹೆಸರಿನಲ್ಲೇ ಇಂಟರ್ನೆಟ್ಟಿಗೆ ಹಾಕಿದಳು. ಅಂಥದೇ ಕುರ್ಚಿಯಲ್ಲಿ ಸಿಕ್ಕಿಕೊಂಡವರು ಎಲ್ಲೆಲ್ಲಿಂದಲೋ ಬರೆದು ಹರಸಿದರು. ಮೆಕ್ಯಾನಿಕ್ಕನ್ನು ಕಳಿಸಲು ಪುರುಸೊತ್ತಿಲ್ಲದ ಕಂಪನಿಗೆ ಪೊಲೀಸರಿಗೆ ದೂರು ಕೊಡಲು ಪುರುಸೊತ್ತು ಸಿಕ್ಕಿತು.

ಠಾಣೆಗೆ ನಾನೂ ಜೊತೆಗೆ ಹೋಗಿದ್ದೆ. ಇನ್ಸ್‌ಪೆಕ್ಟರ್ ಒರಟನಲ್ಲ, ಆದರೆ ಇದನ್ನು ಮಾಡಲು ಯಾರು ದುಡ್ಡು ಕೊಟ್ಟರು ಎಂದು ಸುತ್ತಿ ಬಳಸಿ ಅದನ್ನೇ ಕೇಳಿದ.

“ಯಾರೂ ಕೊಟ್ಟಿಲ್ಲ ಸಾರ್,” ಎಂದಳು ಅವಳು. “ದುಡ್ಡಿಗೆ ಅಂದಿದ್ರೆ ನಿಮಗೆ ಬೇಗ ಅರ್ಥ ಆಗ್ತಿತ್ತು, ಅಲ್ವಾ?”

“ಹ್ಯಾಕರ್‌ಗಳೆಲ್ಲ ಹೀಗೇ ಹೇಳೋದಮ್ಮ.”

“ಹೌದು, ನಾನೂ ಹ್ಯಾಕರ್ರೇ. ಕಂಡೋರ ಮನೆಗೆ ನುಗ್ಗೋರೂ ನಮ್ಮಲ್ಲಿದ್ದಾರೆ, ಇಲ್ಲ ಅನ್ನಲ್ಲ. ನಾನು ಬಿಚ್ಚಿದ್ದು ನಮ್ಮನೆ ಕುರ್ಚಿ. ನನ್ನ ತಂಗಿ ಕಾಲಿಗೆ ಬೀಗ ಹಾಕಿದೋರನ್ನ ಇಲ್ಲಿಗೆ ಯಾವಾಗ ಕರೆಸ್ತೀರಾ?”

ಅವನು ಬರೆಯುವುದನ್ನು ನಿಲ್ಲಿಸಿದ. ಹೇಳಿಕೆಗೆ ಸಹಿ ಹಾಕಿಸಿಕೊಂಡು ನಮ್ಮನ್ನು ಕಳಿಸಿದ.

ಸುದ್ದಿ ಪತ್ರಿಕೆಗೆ ಬಂದು ಆಫೀಸಿನ ಮಾನ ಹೋಯಿತೆಂದು ಮ್ಯಾನೇಜರ್ ಅವಳನ್ನು ಕೆಲಸದಿಂದ ತೆಗೆದ. ತನ್ನ ಮನೆಯ ಕಂಪ್ಯೂಟರ್ ಮಲಗಿದಾಗಲೆಲ್ಲ ಇವಳನ್ನೇ ಕರೆಯುತ್ತಿದ್ದ ಮಹಾನುಭಾವ! ನಾವು ಉಳಿದವರು ತಲೆ ತಗ್ಗಿಸಿ ಕೀಲಿಮಣೆ ಕುಟ್ಟುತ್ತ ಕೂತೆವು. ಹಾಕಿದ್ದನ್ನು ಅಳಿಸಿ ಕ್ಷಮೆ ಕೇಳಿದರೆ ದೂರು ವಾಪಸ್ ಪಡೆಯುತ್ತೇವೆಂದು ಕಂಪನಿಯ ವಕೀಲ ಹೇಳಿಕಳಿಸಿದ. ಅವಳು ಒಂದಕ್ಷರವನ್ನೂ ಅಳಿಸಲಿಲ್ಲ.

ತಂಗಿ ತಾನೇ ಕುರ್ಚಿ ನಡೆಸಿಕೊಂಡು ಕೋರ್ಟಿಗೆ ಬಂದಳು. ಹಾಸಿಗೆ ಒದ್ದೆಯಾದ ಆ ಸಂಜೆ ನಡೆದದ್ದನ್ನು ದನಿ ತಗ್ಗಿಸದೆ, ಕಂಪನಿಯ ವಕೀಲನ ಮುಖ ನೋಡುತ್ತಲೇ ಹೇಳಿದಳು. ತಮ್ಮ ವಸ್ತುವನ್ನು ತಾವು ಬಿಚ್ಚುವುದು ಅಪರಾಧವಲ್ಲವೆಂದು ನ್ಯಾಯಾಧೀಶರು ಅಕ್ಕನನ್ನು ಬಿಟ್ಟರು. ಪತ್ರಿಕೆಗಳಿಗೆ ಆ ಸುದ್ದಿ ಒಳಪುಟದ ಮೂಲೆಗೆ ಸಾಕಾಯಿತು. ಕೆಲಸವನ್ನು ಯಾರೂ ವಾಪಸ್ ಕೊಡಲಿಲ್ಲ. ಕಂಪನಿಯ ಹೊಸ ಕುರ್ಚಿಗಳಿಗೆ ಇನ್ನೂ ಬಿಗಿಯಾದ ಬೀಗವಿದೆ. ಅದರ ಮಾಲೀಕರೇ ತಂದುಬಿಟ್ಟ ಅಂಥ ಕುರ್ಚಿಯೊಂದು ಈಗ ಅವಳ ಊಟದ ಮೇಜಿನ ಪಕ್ಕ ಬಿಚ್ಚಿಕೊಂಡು ನಿಂತಿದೆ.