ದುಂಡು ಮೂಲೆಯ ಗಾಜು

ರಾಯದುರ್ಗದ ಆ ಬಟ್ಟೆ ಅಂಗಡಿಯ ಮೂಲೆಗೆ ಅಳತೆ ತೆಗೆದ ದಿನ ಅಲ್ಲಿದ್ದವರು ಮೂರೇ ಜನ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಂಗಡಿಯ ಸಾಹುಕಾರರು, ಇಟ್ಟಿಗೆ ರಾಶಿಯ ಮೇಲೆ ಮಡಕಶಿರಾ ಕಡೆಯಿಂದ ಬಂದಿದ್ದ ಹಿರಿಯ ಮೇಸ್ತ್ರಿ, ಕೈಯಲ್ಲಿ ಟೇಪು ಹಿಡಿದ ನಾನು. ನನ್ನದು ಅಲ್ಯುಮಿನಿಯಂ, ಗಾಜಿನ ಕೆಲಸ. ಕಿಟಕಿ, ಶೋಕೇಸು ಹಾಕಿಕೊಂಡು ಬದುಕಿದವನು. ಬಾಗಿದ ಗಾಜಿಗೆ ಕೈಹಾಕಿದ್ದು ಅದೇ ಮೊದಲು.

ಎರಡು ರಸ್ತೆ ಕೂಡುವ ಜಾಗ ಅದು. ಮೂಲೆ ದುಂಡಗಿರಬೇಕು, ಯಾವ ರಸ್ತೆಯಿಂದ ಬಂದರೂ ಒಳಗಿನ ಬಟ್ಟೆ ಕಾಣಬೇಕು ಎಂಬುದು ಸಾಹುಕಾರರ ಆಸೆ. ಮೇಸ್ತ್ರಿ ನೆಲಕ್ಕೊಂದು ಮೊಳೆ ಹೊಡೆದು, ದಾರ ಕಟ್ಟಿ, ಗೆರೆ ಎಳೆದು ಮೊಣಕಾಲೆತ್ತರದ ದುಂಡು ಗೋಡೆ ಎಬ್ಬಿಸಿದ್ದರು. ಅದರ ಮೇಲೆ, ಎರಡು ಕಂಬಗಳ ನಡುವೆ, ಗಾಜು ನಿಲ್ಲಬೇಕು. ಕೆಳಗಿನದು ಚೆನ್ನಾಗಿ ಬಂದರೆ ಮೇಲಂತಸ್ತೂ ನಿಮಗೇ ಎಂದು ಸಾಹುಕಾರರು ಮಾತು ಕೊಟ್ಟಿದ್ದರು. ಆ ಮಾತು ನಂಬಿ ಮೇಸ್ತ್ರಿ ಹೆಂಡತಿಯನ್ನೂ ಕರೆತಂದು ಬಾಡಿಗೆ ಕೋಣೆ ಹಿಡಿದಿದ್ದರು.

ಸಾದಾ ಗಾಜಾದರೆ ಹೆಚ್ಚುಕಡಿಮೆಯಾದಾಗ ಸ್ಥಳದಲ್ಲೇ ಕೊಯ್ದು ಸರಿಮಾಡುತ್ತೇವೆ. ಬಾಗಿದ ಗಾಜು ಹಾಗಲ್ಲ. ಪ್ಲೈವುಡ್ಡಿನಲ್ಲಿ ಅಚ್ಚು ಕತ್ತರಿಸಿ ಬೆಂಗಳೂರಿಗೆ ಕಳಿಸಬೇಕು. ಅಲ್ಲಿ ಕಾಯಿಸಿ, ಬಗ್ಗಿಸಿ, ಗಟ್ಟಿ ಮಾಡುತ್ತಾರೆ. ಆಮೇಲೆ ಕೂದಲೆಳೆಯಷ್ಟು ಕೊಯ್ಯಲು ಹೋದರೂ ಪುಡಿಪುಡಿ.

"ಪ್ಲಾಸ್ಟರ್ ಆದ್ಮೇಲೆ ಅಚ್ಚು ತಗಳಪ್ಪ," ಎಂದರು ಮೇಸ್ತ್ರಿ. "ಕಂಬ ಇನ್ನೂ ಬರಿಮೈಲಿ ಐತೆ. ಈಗ್ಲೇ ತಗಂತೀನಿ ಅಂದ್ರೆ ಆ ಕಡೆ ಒಂದು ಬೆರಳು, ಈ ಕಡೆ ಒಂದು ಬೆರಳು ಬಿಟ್ಟು ತಗ."

"ಯಾರ ಬೆರಳ್ರಿ ಮೇಸ್ತ್ರಿ, ನಿಮ್ದಾ ನಂದಾ? ನಿಮ್ದು ಬಾಳೆಹಣ್ಣು ಇದ್ದಂಗ ಐತಿ. ಟೇಪು ಇರೋವಾಗ ಬೆರಳ್ಯಾಕ?" ಎಂದೆ ನಾನು.

ಸಾಹುಕಾರರು ಹೊಟ್ಟೆ ಕುಲುಕಿಸಿ ನಕ್ಕರು. ಮೇಸ್ತ್ರಿಯೂ ನಕ್ಕು, "ಆಯ್ತು ಕಣಪ್ಪ, ನಿನ್ ಟೇಪು ನಂಗಿಂತ ಜಾಸ್ತಿ ಓದೈತೆ," ಎಂದು ಬೀಡಿ ಹಚ್ಚಿದರು.

ಆ ನಗುವಿನ ಗುಂಗಿನಲ್ಲೇ ಇಟ್ಟಿಗೆಯಿಂದ ಇಟ್ಟಿಗೆಗೆ ಮಿಲಿಮೀಟರ್ ಬಿಡದೆ ಅಳೆದೆ. ಪ್ಲಾಸ್ಟರಿನ ದಪ್ಪವನ್ನು ಅಚ್ಚು ಕತ್ತರಿಸುವಾಗ ಕಳೆದರಾಯಿತು ಎಂದುಕೊಂಡಿದ್ದೆ. ಮರೆತೆ.

ಗಾಜು ಮೂರು ತುಂಡಾಗಿ ಬಂತು. ಅಷ್ಟರಲ್ಲಿ ಕಂಬಗಳ ಪ್ಲಾಸ್ಟರ್ ಮುಗಿದು ಕನ್ನಡಿಯಂತೆ ನುಣುಪಾಗಿತ್ತು. ಎರಡು ತುಂಡು ನಿಂತವು. ಮೂರನೆಯದಕ್ಕೆ ಎರಡು ಬೆರಳಿನಷ್ಟು ಜಾಗ ಸಾಲದು. ಅಂಗಡಿ ತೆರೆಯುವ ಮುಹೂರ್ತಕ್ಕೆ ಇನ್ನು ನಾಲ್ಕೇ ದಿನ.

"ಇಷ್ಟ್ ದಪ್ಪ ಯಾಕ ಬಳದ್ರಿ ಮೇಸ್ತ್ರಿ? ಕಂಬಕ್ಕೇನು ಸ್ವೆಟರ್ ಹಾಕೀರೇನು?" ಎಂದರು ಸಾಹುಕಾರರು. ಆಮೇಲೆ ನನ್ನ ಕಡೆ ತಿರುಗಿ, "ನೀ ಏನಂತಿ?"

"ಸ್ವಲ್ಪ ದಪ್ಪನ ಆಗೇತ್ರಿ," ಎಂದೆ.

ಮೇಸ್ತ್ರಿ ನನ್ನ ಮುಖ ನೋಡಿದರು. ಈಗ ಹೇಳುತ್ತಾರೆ, ಅವತ್ತಿನ ಮಾತು ಎತ್ತುತ್ತಾರೆ ಎಂದು ಕಾದೆ. ಅವರು ಉಳಿ ಸುತ್ತಿಗೆ ತಂದು, ತಾವೇ ಉಜ್ಜಿ ನುಣುಪು ಮಾಡಿದ್ದ ಪ್ಲಾಸ್ಟರನ್ನು ಎರಡೂ ಕಂಬದಿಂದ ಕೆತ್ತಿ ತೆಗೆದರು. ಗಾಜು ಕೂತಿತು. ಕೆತ್ತಿದ ಜಾಗ ಕಾಣದಂತೆ ನಾನು ಅಲ್ಯುಮಿನಿಯಂ ಪಟ್ಟಿ ಹೊಡೆದೆ. ನೋಡಿದವರೆಲ್ಲ ಗಾಜನ್ನು ಹೊಗಳಿದರು. ನಾನು ಕೈಕಟ್ಟಿ ನಿಂತು ಕೇಳಿಸಿಕೊಂಡೆ.

ಮೇಲಂತಸ್ತು ಬೊಮ್ಮನಹಾಳಿನ ಬೇರೊಬ್ಬ ಮೇಸ್ತ್ರಿಗೆ ಹೋಯಿತು. ಗಂಡಹೆಂಡತಿ ಊರಿಗೆ ಹೊರಟ ದಿನ ನಾನೇ ಅವರ ಚೀಲವನ್ನು ಬಸ್‌ಸ್ಟ್ಯಾಂಡಿನವರೆಗೆ ಹೊತ್ತೆ. ದಾರಿಯುದ್ದಕ್ಕೂ ಬಾಯಿ ಬಿಡಬೇಕೆಂದುಕೊಂಡೆ, ಆಗಲಿಲ್ಲ. "ಬಿಡಪ್ಪ, ಕೆಲಸ ಅಂದ್ಮೇಲೆ ಇದ್ದಿದ್ದೇ," ಎಂದು ಅವರೇ ನನಗೆ ಸಮಾಧಾನ ಹೇಳಿದರು. ಆಯಮ್ಮ ಮಾತ್ರ ನನ್ನ ಕೈಯಿಂದ ಚೀಲ ತೆಗೆದುಕೊಳ್ಳುವಾಗಲೂ ಮುಖ ಎತ್ತಲಿಲ್ಲ. ಎರಡು ಬೈಗುಳಕ್ಕೆ ಹೆದರಿ ಒಬ್ಬರ ಹೆಸರು ಕೆಡಿಸಿಬಿಟ್ಟೆನಲ್ಲ ಎಂಬುದು ಇವತ್ತಿಗೂ ಊಟದ ನಡುವೆ ನೆನಪಾಗುತ್ತದೆ.

ಎರಡು ವರ್ಷದ ಮೇಲೆ ಸಾಹುಕಾರರ ಮುಂದೆ ನಿಜ ಹೇಳಿದೆ. "ಅವತ್ತ ಹೇಳಬೇಕಿತ್ತಪ್ಪ," ಎಂದರು ಅವರು. ತಮ್ಮ ಹೊಸ ಗೋದಾಮಿಗೆ ಆ ಮೇಸ್ತ್ರಿಯನ್ನೇ ಕರೆಸಿದರು. ಮೇಸ್ತ್ರಿ ಬಂದರು. ಗಾಜಿನ ಕೆಲಸಕ್ಕೆ ಮಾತ್ರ ಬೇರೆಯವರನ್ನು ನೋಡಿರೆಂದು ಮೊದಲೇ ಹೇಳಿದ್ದರಂತೆ. ಬಳ್ಳಾರಿಯಿಂದ ಯಾರೋ ಬಂದು ಕಿಟಕಿ ಕೂಡಿಸಿ ಹೋದರು.